ರೆಕ್ಕೆಯಡಿಗೆ ಹೋದ ಮೇಲೆ ಸರಿಹೋದ ಥರ್ಮಾಮೀಟರ್: ಸೆಸ್ನಾ 172ರಲ್ಲಿ ಎರಡು ವರ್ಷದ ಬಳಕೆ

ಡಿಜಿಟಲ್ ಒಎಟಿ ಪ್ರೋಬ್ (ವಿಮಾನದ ಹೊರಗಿನ ಗಾಳಿಯ ತಾಪ ಅಳೆಯುವ ಕಡ್ಡಿ) ಕೊಳ್ಳುವ ಮುಂಚೆ ನಾನು ಓದಿದ್ದೆಲ್ಲ ಸೆನ್ಸರ್ ಬಗ್ಗೆ, ಡಿಸ್‌ಪ್ಲೇ ಬಗ್ಗೆ, ಬೆಲೆ ಬಗ್ಗೆ. ಅದನ್ನು ವಿಮಾನದ ಮೈಮೇಲೆ ಎಲ್ಲಿ ಕೂರಿಸಬೇಕು ಅನ್ನುವುದನ್ನು ಒತ್ತಿ ಹೇಳಿದವರು ಯಾರೂ ಸಿಗಲಿಲ್ಲ. ಎರಡು ವರ್ಷಕ್ಕೂ ಮೇಲೆ ಬಳಸಿ ಹೇಳುತ್ತಿದ್ದೇನೆ, ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ನಮ್ಮದು ಹಳೆಯ ಸೆಸ್ನಾ 172ಎನ್, ಒಂದೇ ಎಂಜಿನ್ನಿನ ನಾಲ್ಕು ಸೀಟಿನ ಪುಟ್ಟ ವಿಮಾನ. ನಾಲ್ವರು ಪಾಲುದಾರರು ಸೇರಿ ಅಮೆರಿಕದ ಕೊಲೊರಾಡೋದಲ್ಲಿ, ಡೆನ್ವರ್‌ನ ದಕ್ಷಿಣಕ್ಕಿರುವ ಸೆಂಟೆನಿಯಲ್ ನಿಲ್ದಾಣದಲ್ಲಿ ಇಟ್ಟುಕೊಂಡಿದ್ದೇವೆ. ಮುಂದಿನ ಗಾಜಿನಲ್ಲಿ ತೂತು ಮಾಡಿ ಚುಚ್ಚಿದ್ದ ಮುಳ್ಳಿನ ಥರ್ಮಾಮೀಟರ್ ಇತ್ತು. ಬಿಸಿಲು ಬಿದ್ದರೆ ಒಂದು ಅಂಕಿ, ವಿಮಾನ ತಿರುಗಿ ನೆರಳಾದರೆ ಇನ್ನೊಂದು. ಅದರ ಸಹವಾಸ ಸಾಕೆನಿಸಿ ಮೂರು ತಂತಿಯ ಪ್ಲಾಟಿನಂ ಪ್ರೋಬ್ ಹಾಕಿಸಿದೆವು. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ, ಏಕೆಂದರೆ ಮುಂದೆ ಹೇಳುವ ತೊಂದರೆ ಯಾವ ಕಂಪನಿಯ ಪ್ರೋಬಿಗೂ ಬರಬಹುದು.

ಅಳವಡಿಸಿಕೊಟ್ಟ ವರ್ಕ್‌ಶಾಪಿನವರು ಪ್ರೋಬನ್ನು ವಿಮಾನದ ಹೊಟ್ಟೆಯ ಕೆಳಗೆ, ಎಂಜಿನ್ ಗೋಡೆಯ ಹಿಂದಿನ ತಗಡಿಗೆ ಕೂರಿಸಿದ್ದರು. ಅಲ್ಲಿಂದ ಡಿಸ್‌ಪ್ಲೇಗೆ ತಂತಿ ಎಳೆಯುವುದು ಸುಲಭ, ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಸಿಲಿಂಡರುಗಳನ್ನು ತಣಿಸಿ ಕಾದ ಗಾಳಿಯೆಲ್ಲ ಕೌಲಿಂಗಿನ (ಎಂಜಿನ್ ಮುಚ್ಚುವ ತಗಡಿನ ಕವಚದ) ಅಡಿಯಿಂದ ಹೊರಬಿದ್ದು ಆ ಹೊಟ್ಟೆಯುದ್ದಕ್ಕೂ ಸವರಿಕೊಂಡೇ ಹಿಂದಕ್ಕೆ ಹೋಗುತ್ತದೆ. ಎಕ್ಸಾಸ್ಟ್ ಕೊಳವೆಯೂ ಅಲ್ಲೇ. ಒಲೆಯ ಬಾಯಿಗೆ ಥರ್ಮಾಮೀಟರ್ ಹಿಡಿದು ಅಂಗಳದ ಚಳಿ ಎಷ್ಟೆಂದು ಕೇಳಿದ ಹಾಗೆ.

ಅಂಕಿ ಮೇಲಕ್ಕೇ ಇರುತ್ತಿತ್ತು. ಪಾಲುದಾರರಲ್ಲಿ ಒಬ್ಬರ ವಾದ ಏನೆಂದರೆ, ಹೆಚ್ಚು ತೋರಿಸಿದರೆ ಸುರಕ್ಷಿತವೇ ಅಲ್ಲವೇ? ಟೇಕ್‌ಆಫ್ ಲೆಕ್ಕದ ಮಟ್ಟಿಗೆ ಅವರು ಹೇಳಿದ್ದು ಸರಿ. ಒಂದು ಡಿಗ್ರಿಗೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳುವಾಗಿದೆ ಅನ್ನುವುದರ ಮೇಲೆ ವಿಮಾನಕ್ಕೆ ಅನ್ನಿಸುವ ಎತ್ತರ) ಸುಮಾರು 120 ಅಡಿ ಬದಲಾಗುತ್ತದೆ, ಐದು ಡಿಗ್ರಿ ಹೆಚ್ಚಿಗೆ ತೋರಿಸಿದರೆ 600 ಅಡಿ ಇಲ್ಲದ ಎತ್ತರ ಸೇರಿಕೊಳ್ಳುತ್ತದೆ. ಅದರಿಂದ ನಷ್ಟವಾಗುವುದು ಒಂದಷ್ಟು ಇಂಧನವನ್ನೋ ಒಬ್ಬ ಪ್ರಯಾಣಿಕನನ್ನೋ ಬಿಟ್ಟು ಹೋಗುವಷ್ಟೇ. ಟ್ರೂ ಏರ್‌ಸ್ಪೀಡ್ (ಗಾಳಿಯಲ್ಲಿ ವಿಮಾನದ ನಿಜವಾದ ವೇಗ) ಲೆಕ್ಕದಲ್ಲೂ ದೊಡ್ಡ ವ್ಯತ್ಯಾಸ ಬರುವುದಿಲ್ಲ, ನಮ್ಮ ವೇಗದಲ್ಲಿ ಒಂದು ನಾಟ್ ಆಚೀಚೆ. ಆದರೆ ಮೋಡದೊಳಗೆ ಅದೇ ತಪ್ಪು ತಿರುಗಿಬೀಳುತ್ತದೆ. ಒಂದು ಅಕ್ಟೋಬರ್ ಮಧ್ಯಾಹ್ನ ಡಿಸ್‌ಪ್ಲೇ +4 ತೋರಿಸುತ್ತಿದ್ದ ಹೊತ್ತಿನಲ್ಲೇ ರೆಕ್ಕೆಗೆ ಆನಿಸಿರುವ ಓರೆ ಕಂಬ, ಅಂದರೆ ಸ್ಟ್ರಟ್ ಮೇಲೆ ಬಿಳಿ ಪದರ ಕಟ್ಟತೊಡಗಿತು. ಪೂರ್ವದ ಬಯಲಿನ ಮೇಲಿದ್ದುದರಿಂದ ಕಂಟ್ರೋಲರ್‌ಗೆ ಹೇಳಿ ಬೆಚ್ಚನೆಯ ಗಾಳಿಗೆ ಇಳಿಯಲು ಜಾಗವಿತ್ತು. ಪಶ್ಚಿಮಕ್ಕೆ, ರಾಕಿ ಪರ್ವತಗಳ ಮೇಲೆ ಇದ್ದಿದ್ದರೆ ಇರುತ್ತಿರಲಿಲ್ಲ. 172ಕ್ಕೆ ಮಂಜುಗಡ್ಡೆ ಕಟ್ಟುವ ಕಡೆ ಹಾರುವ ಅನುಮತಿಯೇ ಇಲ್ಲ, ಹಿಮ ಕರಗಿಸುವ ವ್ಯವಸ್ಥೆಯೂ ಇಲ್ಲ. ಆ ದಿನದ ಮೇಲೆ “ಹೆಚ್ಚು ತೋರಿಸಿದರೆ ಸುರಕ್ಷಿತ” ಅನ್ನುವ ಮಾತನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಹಾಗಾದರೆ ಐದು ಡಿಗ್ರಿ ಕಳೆದುಕೊಂಡು ಓದಿದರಾಯಿತಲ್ಲ ಅಂತ ವರ್ಕ್‌ಶಾಪಿನವರು ಸಲಹೆ ಕೊಟ್ಟರು. ನನಗೆ ಸಿಟ್ಟು ಬಂದದ್ದು ಇಲ್ಲಿ. ತಪ್ಪು ಒಂದೇ ಸಮನಾಗಿದ್ದರೆ ಕಳೆಯಬಹುದಿತ್ತು. 75 ನಾಟ್‌ನಲ್ಲಿ ಪೂರ್ಣ ಶಕ್ತಿಯಲ್ಲಿ ಏರುವಾಗ ಎಂಜಿನ್ ಕಾದಿರುತ್ತದೆ, ಬೀಸುವ ಗಾಳಿ ಕಡಿಮೆ, ಆಗ ಆರೇಳು ಡಿಗ್ರಿ ಹೆಚ್ಚು. ಕ್ರೂಸ್‌ನಲ್ಲಿ, ಅಂದರೆ ಒಂದೇ ಎತ್ತರದಲ್ಲಿ ಸಮವಾಗಿ ಸಾಗುವಾಗ, ನಾಲ್ಕು. ಪವರ್ ಕಡಿಮೆ ಮಾಡಿ ಇಳಿಯುವಾಗ ಒಂದೋ ಎರಡೋ. ಯಾವ ಘಳಿಗೆಯಲ್ಲಿ ಎಷ್ಟು ಕಳೆಯಬೇಕು?

ಪ್ರೋಬ್ ಕೆಟ್ಟಿದೆಯೋ ಜಾಗ ಕೆಟ್ಟದ್ದೋ ಅಂತ ಮೊದಲು ತೀರ್ಮಾನ ಆಗಬೇಕಿತ್ತು. ನಮ್ಮ ಮೆಕ್ಯಾನಿಕ್ ಅದನ್ನು ಬಿಚ್ಚಿದಾಗ ಪುಡಿ ಮಾಡಿದ ಐಸನ್ನು ಡಿಸ್ಟಿಲ್ಡ್ ನೀರಿನಲ್ಲಿ ಗಂಜಿಯಾಗುವಂತೆ ಕಲಸಿ, ಫ್ಲಾಸ್ಕಿನಲ್ಲಿ ತುಂಬಿ ತುದಿಯನ್ನು ಅದರಲ್ಲಿ ಅದ್ದಿದೆವು. ಕಲಕುತ್ತಾ ಕೂತರೆ ಅಂಕಿ ಇಳಿದು ಸೊನ್ನೆಗೆ ಬಂದು ನಿಂತಿತು. ಕುದಿಯುವ ನೀರಿನ ಪರೀಕ್ಷೆ ಮಾಡಲಿಲ್ಲ. 5,885 ಅಡಿಯ ಸೆಂಟೆನಿಯಲ್‌ನಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಅದೂ ಅವತ್ತಿನ ಗಾಳಿಯ ಒತ್ತಡದ ಮೇಲೆ ಆಚೀಚೆ ಆಗುತ್ತದೆ. ಐಸಿನ ಸೊನ್ನೆ ಮಾತ್ರ ಮಂಗಳೂರಿನ ಕಡಲ ದಂಡೆಯಲ್ಲೂ ಇಲ್ಲೂ ಒಂದೇ.

ಪ್ರೋಬ್ ಸರಿಯಿತ್ತು. ಅದನ್ನು ಬಲ ರೆಕ್ಕೆಯ ಅಡಿಗೆ, ಸ್ಟ್ರಟ್ ಸೇರುವ ಜಾಗಕ್ಕಿಂತ ಆಚೆಗಿನ ಇನ್‌ಸ್ಪೆಕ್ಷನ್ ಮುಚ್ಚಳಕ್ಕೆ ಸ್ಥಳಾಂತರಿಸಿದೆವು. ಅಲ್ಲಿಗೆ ಪ್ರೊಪೆಲರ್ ತಳ್ಳುವ ಗಾಳಿಯೂ ಬರುವುದಿಲ್ಲ, ಎಕ್ಸಾಸ್ಟ್ ಬಿಸಿಯೂ ಇಲ್ಲ, ರೆಕ್ಕೆಯೇ ನೆರಳು. ಎಡ ರೆಕ್ಕೆ ಬೇಡ ಅಂದದ್ದು ಮೆಕ್ಯಾನಿಕ್; ವೇಗ ಅಳೆಯಲು ಗಾಳಿ ಹಿಡಿಯುವ, ಬಿಸಿಯಾಗುವ ಪಿಟೊ ಕೊಳವೆ ಆ ಕಡೆ ಇದೆ. ಮೂಲ ಮುಚ್ಚಳಕ್ಕೆ ತೂತು ಹಾಕದೆ ಬೇರೆ ಮುಚ್ಚಳ ತರಿಸಿ, ಕಾದ ತಗಡಿನ ಶಾಖ ಪ್ರೋಬಿಗೆ ಹರಿಯದಂತೆ ನಡುವೆ ನೈಲಾನ್ ವಾಷರ್ ಕೊಟ್ಟರು. ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದರು. ಪ್ಲಾಟಿನಂ ಪ್ರೋಬ್ ತಾಪವನ್ನು ಓದುವುದು ತನ್ನ ರೆಸಿಸ್ಟೆನ್ಸಿನಿಂದ (ವಿದ್ಯುತ್ತಿಗೆ ಒಡ್ಡುವ ತಡೆಯಿಂದ). ತಂತಿ ಉದ್ದವಾಯಿತು, ಆದರೆ ಮೂರನೇ ತಂತಿ ಇರುವುದೇ ಆ ಉದ್ದದ ರೆಸಿಸ್ಟೆನ್ಸನ್ನು ಲೆಕ್ಕದಿಂದ ತೆಗೆಯುವುದಕ್ಕೆ. ಎರಡು ತಂತಿಯ ಪ್ಲಾಟಿನಂ ಪ್ರೋಬ್ ಇರುವವರು ಎಚ್ಚರವಾಗಿರಬೇಕು. 100 ಓಮ್‌ನ ಸೆನ್ಸರಿನಲ್ಲಿ 0.385 ಓಮ್ ಹೆಚ್ಚಾದರೆ ಒಂದು ಡಿಗ್ರಿ ಸೇರಿತು ಅಂತಲೇ ಅರ್ಥ, ಒಂದು ಸಡಿಲ ಜೋಡಣೆ ಸಾಕು.

ಇಲ್ಲಿಂದ ಮುಂದಿನದು ನನ್ನ ಪ್ರೀತಿಯ ಭಾಗ.

ಬೆಳಗ್ಗೆ ಬಾಗಿಲು ತೆರೆದಿಟ್ಟು, ಎಂಜಿನ್ ಹಚ್ಚುವ ಮುಂಚೆ ಮಾಸ್ಟರ್ ಸ್ವಿಚ್ ಒತ್ತಿ ಅಂಕಿ ನೋಡುತ್ತೇನೆ, ಎಟಿಐಎಸ್ (ನಿಲ್ದಾಣದ ಹವಾಮಾನವನ್ನು ರೇಡಿಯೋದಲ್ಲಿ ಮತ್ತೆ ಮತ್ತೆ ಹೇಳುವ ಧ್ವನಿಮುದ್ರಣ) ಹೇಳುವುದರ ಜೊತೆ ಹೋಲಿಸುತ್ತೇನೆ. ಹೆಚ್ಚೆಂದರೆ ಒಂದು ಡಿಗ್ರಿ ವ್ಯತ್ಯಾಸ. ಆಮೇಲೆ ಏರುವಾಗ ಪ್ರತಿ ಸಾವಿರ ಅಡಿಗೆ ಒಮ್ಮೆ ತೊಡೆಯ ಮೇಲಿನ ಹಲಗೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. 7,000, 8,000, 9,000. ಪುಸ್ತಕದ ಪ್ರಕಾರ ಸಾವಿರ ಅಡಿಗೆ ಎರಡು ಡಿಗ್ರಿ ಇಳಿಯಬೇಕು. ಬೇಸಿಗೆಯ ಮಧ್ಯಾಹ್ನ ಕೊಲೊರಾಡೋದ ಒಣ ಗಾಳಿಯಲ್ಲಿ ಅದು ಮೂರರ ಹತ್ತಿರ ಹೋಗುತ್ತದೆ, ಅಂದರೆ ಕೆಳಗಿನ ಬಿಸಿ ಗಾಳಿ ತಡೆಯಿಲ್ಲದೆ ಮೇಲೇಳುತ್ತಿದೆ, ಕುಲುಕಾಟ ಖಚಿತ. ಇಳಿಕೆ ನಿಂತ ಎತ್ತರ ಸಿಕ್ಕಿದರೆ ಅದರ ಮೇಲೆ ಗಾಳಿ ಬಹುಮಟ್ಟಿಗೆ ನಯವಾಗಿರುತ್ತದೆ. ವಾಂತಿ ಬರುವ ಪ್ರಯಾಣಿಕರಿದ್ದಾಗ ನಾನು ಹುಡುಕುವುದು ಆ ಎತ್ತರವನ್ನೇ.

ಚಳಿಗಾಲದ ಬೆಳಗಂತೂ ಬೇರೆಯೇ. ನೆಲದಲ್ಲಿ -8, 7,500 ಅಡಿಯಲ್ಲಿ -1. ಏರಿದಂತೆ ಅಂಕಿಯೂ ಏರುತ್ತದೆ! ಡೆನ್ವರ್ ನಗರದ ಕಂದು ಹೊಗೆ ಯಾವ ಎತ್ತರದಲ್ಲಿ ಗೆರೆ ಕೊರೆದಂತೆ ನಿಂತಿದೆಯೋ, ಸರಿಯಾಗಿ ಅಲ್ಲೇ ಡಿಸ್‌ಪ್ಲೇಯ ಅಂಕಿ ದಿಕ್ಕು ಬದಲಿಸುತ್ತದೆ. ಕಣ್ಣಿಗೆ ಕಾಣುವುದೂ ಪ್ರೋಬ್ ಹೇಳುವುದೂ ಒಂದಾಗುವ ಆ ಕ್ಷಣ ನನಗೆ ಪ್ರತಿಸಲವೂ ಖುಷಿ ಕೊಡುತ್ತದೆ. ಹೊಟ್ಟೆಯ ಕೆಳಗಿದ್ದಾಗ ಇದೊಂದೂ ಗೊತ್ತಾಗುತ್ತಿರಲಿಲ್ಲ. ಎಂಜಿನ್ನಿನ ಬಿಸಿಯಲ್ಲಿ ಎಲ್ಲ ಕಲಸಿಹೋಗುತ್ತಿತ್ತು. ಮನೆಗೆ ಬಂದು ಡೆನ್ವರ್‌ನಿಂದ ಬೆಳಗ್ಗೆ ಹಾರಿಬಿಡುವ ಹವಾಮಾನ ಬಲೂನಿನ ಅಂಕಿಗಳ ಪಕ್ಕ ನನ್ನ ಪೆನ್ಸಿಲ್ ಅಂಕಿಗಳನ್ನು ಇಟ್ಟು ನೋಡುತ್ತೇನೆ. ನನ್ನವು ಒಂದು ಡಿಗ್ರಿಯಷ್ಟು ಬೆಚ್ಚಗಿರುತ್ತವೆ. ಅದು ತಪ್ಪಲ್ಲ, ವೇಗದ ಫಲ. ಪ್ರೋಬಿಗೆ ಬಡಿದು ನಿಲ್ಲುವ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, 120 ನಾಟ್‌ನಲ್ಲಿ ಅದು ಹೆಚ್ಚೆಂದರೆ ಎರಡು ಡಿಗ್ರಿ. ಒಂದೇ ಎತ್ತರದಲ್ಲಿ 70 ನಾಟ್‌ಗೆ ನಿಧಾನಿಸಿ, ಮತ್ತೆ ವೇಗ ಹೆಚ್ಚಿಸಿ ನೋಡಿದರೆ ಆ ವ್ಯತ್ಯಾಸ ಕಣ್ಣೆದುರೇ ಕಾಣುತ್ತದೆ. ಹೀಗೆ ಕಾರಣ ಗೊತ್ತಿರುವ ತಪ್ಪನ್ನು ಕಳೆದು ಓದಬಹುದು.

ಕೊರತೆಗಳು ಉಳಿದಿವೆ. ಮಳೆಯಿಂದ ಹೊರಬಂದಾಗ ಒದ್ದೆ ತುದಿ ಆರುವವರೆಗೆ ಅಂಕಿ ಕೆಳಗಿರುತ್ತದೆ. ಕಪ್ಪು ಡಾಂಬರಿನ ಮೇಲೆ ಬಿಸಿಲಲ್ಲಿ ಟ್ಯಾಕ್ಸಿ ಮಾಡುವಾಗ ನೆಲದ ಬಿಸಿಯೇ ಕಾಣಿಸುತ್ತದೆ, ಮೇಲೇರಿ ಒಂದೆರಡು ನಿಮಿಷವಾದ ಮೇಲಷ್ಟೇ ಅಂಕಿ ಸರಿಹೋಗುತ್ತದೆ. ಇದು ಲೆಡ್‌ವಿಲ್‌ನಂಥ ಕಡೆ ಮುಖ್ಯವಾಗುತ್ತದೆ. 9,934 ಅಡಿ, ಉತ್ತರ ಅಮೆರಿಕದ ಅತಿ ಎತ್ತರದ ವಿಮಾನ ನಿಲ್ದಾಣ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ 3,600 ಅಡಿ ಮೇಲೆ. ಅಲ್ಲಿ 20 ಡಿಗ್ರಿ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ 12,900 ಅಡಿಯ ಹತ್ತಿರ, ನಮ್ಮ ವಿಮಾನದ ಸರ್ವಿಸ್ ಸೀಲಿಂಗ್, ಅಂದರೆ ಅದು ಸುಮಾರಾಗಿ ಏರಬಲ್ಲ ಎತ್ತರದ ಮಿತಿ, 14,200. ಅಲ್ಲಿಂದ ಹೊರಡುವಾಗ ಲೆಕ್ಕಕ್ಕೆ ನಾನು ಹಿಡಿಯುವುದು ನಿಲ್ದಾಣದ ಹವಾಮಾನ ಯಂತ್ರ ರೇಡಿಯೋದಲ್ಲಿ ಹೇಳುವ ಅಂಕಿಯನ್ನು, ಪ್ರೋಬಿನದನ್ನಲ್ಲ.

ದುಡ್ಡಿನ ಮಾತು. ಜಾಗ ಬದಲಿಸಿದ ಕೂಲಿ ಪ್ರೋಬಿನ ಬೆಲೆಯನ್ನು ಮೀರಿತು, ನಾಲ್ವರು ಹಂಚಿಕೊಂಡದ್ದಕ್ಕೆ ತಡೆಯಿತು. ಮೊದಲೇ ರೆಕ್ಕೆಯಡಿ ಹಾಕಿದ್ದರೆ ಒಂದೇ ಕೂಲಿಯಲ್ಲಿ ಮುಗಿಯುತ್ತಿತ್ತು. ಆದ್ದರಿಂದ ನೀವು ಕೊಳ್ಳುವುದಾದರೆ, ಪ್ರೋಬ್ ಎಲ್ಲಿ ಕೂರುತ್ತದೆ ಎಂದು ಕೆಲಸ ಶುರುವಾಗುವ ಮುಂಚೆಯೇ ಕಾಗದದ ಮೇಲೆ ಬರೆಸಿಕೊಳ್ಳಿ. ರೆಕ್ಕೆಯೊಳಗೆ ತಂತಿ ಎಳೆಯುವಷ್ಟು ಹಣ ಈ ವರ್ಷ ಇಲ್ಲದಿದ್ದರೆ ಹಳೆಯ ಮುಳ್ಳಿನ ಥರ್ಮಾಮೀಟರಿಗೆ ಒಂದು ಬಿಸಿಲು ಮರೆ ಹಾಕಿಸಿಕೊಂಡು ಮುಂದಿನ ವರ್ಷದವರೆಗೆ ಕಾಯಿರಿ.