ಟ್ರಯಲ್ ವಿಭಾಗದ ಸೇವೆ ಚೆನ್ನಾಗಿದೆ, ಅದರ ಬಾಗಿಲು ಸಿಗುವುದೇ ಕಷ್ಟ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಿಂದ ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ತಲಪಾಡಿ ದಾಟಿ ಮಂಗಳೂರಿಗೆ ಇನ್ನೊಂದು. ಹೀಗೆ ಐದು ತಿಂಗಳಿಂದ, ಎಪ್ಪತ್ತೊಂದು ವರ್ಷದ ಅಮ್ಮನನ್ನು ಕರೆದುಕೊಂಡು ಅಲ್ಲಿನ ಒಂದು ಆಸ್ಪತ್ರೆಯ ಕ್ಲಿನಿಕಲ್ ಟ್ರಯಲ್ ವಿಭಾಗಕ್ಕೆ ಹೋಗಿಬರುತ್ತಿದ್ದೇನೆ. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯೊಂದರ ಪ್ರಯೋಗವದು. ವಿಭಾಗದ ಒಳಗಿನ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ರೋಗಿಗಳನ್ನು ಅಲ್ಲಿಯವರೆಗೆ ತಲುಪಿಸುವ ಕ್ರಮಕ್ಕೆ ಎರಡು ಕೊಟ್ಟರೆ ಹೆಚ್ಚಾಯಿತು.

ಈ ಪ್ರಯೋಗದ ವಿಚಾರ ನಮಗೆ ತಿಳಿದದ್ದು ನೆರೆಮನೆಯವರಿಂದ. ಅಮ್ಮನನ್ನು ಹದಿನೈದು ವರ್ಷಗಳಿಂದ ನೋಡುತ್ತಿರುವ ಊರಿನ ಡಾಕ್ಟರಿಗೆ ಆಸ್ಪತ್ರೆಯ ಪತ್ರ ಮೊದಲೇ ಬಂದಿತ್ತಂತೆ. ವಿಚಾರಿಸಿದಾಗ, “ಇಷ್ಟು ಪ್ರಾಯದವರನ್ನು ಅಷ್ಟು ದೂರ ಅಲೆಸುವುದು ಬೇಡವೆಂದು ನಾನೇ ಹೇಳಲಿಲ್ಲ” ಎಂದರು. ಅವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಬೇಡವೆನ್ನಬೇಕಾದವಳು ಅಮ್ಮ. ಆಸ್ಪತ್ರೆಯ ಓಪಿಯಲ್ಲಿಯೂ (ಹೊರರೋಗಿ ವಿಭಾಗ) ಇದೇ ಕಥೆ. ಸಿಸ್ಟರ್ ವಿಳಾಸ ನೋಡಿ, “ಕೇರಳದವರಾ? ತಿಂಗಳು ತಿಂಗಳು ಬರಲಿಕ್ಕೆ ನಿಮಗೆ ಆಗಲಿಕ್ಕಿಲ್ಲ” ಎಂದು ಚೀಟಿಯನ್ನು ಬದಿಗಿಟ್ಟರು. ನಾನು ಪಟ್ಟು ಹಿಡಿಯದಿದ್ದರೆ ಅಂದೇ ಹಿಂದಿರುಗುವ ಬಸ್ಸು ಹಿಡಿಯಬೇಕಾಗಿತ್ತು.

ಪ್ರಯೋಗ ಶುರುವಾಗುವ ಮುನ್ನ ರೋಗಿಗಳು ಧಾರಾಳವಾಗಿದ್ದಾರೆಂದು ಲೆಕ್ಕ ಹಾಕುವುದು, ಶುರುವಾದ ಮೇಲೆ ಸಿಗದೆ ಪೇಚಾಡುವುದು ಎಷ್ಟು ಸಾಮಾನ್ಯವೆಂದರೆ, ಅಮೆರಿಕದ ಔಷಧವಿಜ್ಞಾನಿ ಲೂಯಿ ಲಸಾನ್ಯಾ ಅವರ ಹೆಸರಿನಲ್ಲಿ ಅದನ್ನೊಂದು ನಿಯಮವೆಂದೇ ಕರೆಯುತ್ತಾರೆ. ಡಾಕ್ಟರು, ಸಿಸ್ಟರಂಥ ನಡುವಿನವರು ವಿಷಯ ಹೇಳದೆ ಕೈಬಿಟ್ಟ ರೋಗಿಗಳು ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ. ಹತ್ತಿರದವರು, ಓದಿದವರು, ಎದುರು ಮಾತಾಡಬಲ್ಲವರು ಮಾತ್ರ ಒಳಗೆ ಹೋದರೆ ಮಾತ್ರೆಯ ಫಲಿತಾಂಶವೂ ಅಂಥವರ ಮೈಯದ್ದೇ ಆಗುತ್ತದೆ; ಮುಂದೆ ಆ ಮಾತ್ರೆಯನ್ನು ನುಂಗುವವರೋ ನಮ್ಮಮ್ಮನಂಥವರು. ಕಾವಲೇ ಬೇಡವೆಂದು ನನ್ನ ವಾದವಲ್ಲ. ಔಷಧ ಪ್ರಯೋಗಗಳ 2019ರ ನಿಯಮಗಳ ಪ್ರಕಾರ, ಪ್ರಯೋಗವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು, ಅವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು. ಅದು ಬರವಣಿಗೆಯಲ್ಲಿ ಕಾರಣ ಕೊಟ್ಟು ತಡೆಯುವ ಕಾವಲು. ಓಪಿಯ ಮೇಜಿನಲ್ಲಿ ನಡೆದದ್ದು ಅದಲ್ಲ.

ಒಳಗೆ ಹೋದ ಮೇಲೆ ನನ್ನದೂ ಒಂದು ಅವಾಂತರವಾಯಿತು. ಪ್ರಯೋಗದ ವಿವರ ತಿಳಿಸುವ ಸಮಾಲೋಚಕಿ ಅಮ್ಮನ ಹತ್ತಿರ ಮಾತು ಶುರು ಮಾಡಿದ ಕೂಡಲೇ, “ಅಮ್ಮನಿಗೆ ಇದೆಲ್ಲ ಗೊತ್ತಾಗುವುದಿಲ್ಲ, ನನ್ನ ಹತ್ತಿರ ಹೇಳಿ” ಎಂದೆ. “ಒಪ್ಪಿಗೆ ಅವರದ್ದೇ ಬೇಕು ಸರ್, ನೀವು ಸ್ವಲ್ಪ ಹೊರಗೆ ಕೂರಿ” ಎಂದರು ಆಕೆ. ಡಾಕ್ಟರನ್ನೂ ಸಿಸ್ಟರನ್ನೂ ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದ ನಾನು ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. ಆ ನಾಲ್ಕು ಅಂಕಗಳಲ್ಲಿ ಎರಡು ಈ ಸಮಾಲೋಚಕಿಗೇ ಸಲ್ಲುತ್ತವೆ.

ಕೊಟ್ಟ ಮಾಹಿತಿ ಹಾಳೆ ಮಾತ್ರ ಮಲಯಾಳದಲ್ಲಿತ್ತು, ವಿಳಾಸ ಕೇರಳದ್ದೆಂಬ ಕಾರಣಕ್ಕೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದರೂ ಅಮ್ಮ ಕಲಿತದ್ದು ಕನ್ನಡ ಶಾಲೆಯಲ್ಲಿ. ಕೇಳಿದಾಗ ಕನ್ನಡದ ಹಾಳೆ ಅದೇ ಮೇಜಿನ ಸೆಳೆಖಾನೆಯಿಂದ ಹೊರಬಂತು. ಅದನ್ನು ಮನೆಗೆ ತಂದು ಮೂರು ದಿನ ಕನ್ನಡಕ ಹಾಕಿಕೊಂಡು ಓದಿದ ಅಮ್ಮ, ಮುಂದಿನ ಸಲ ಎರಡೇ ಪ್ರಶ್ನೆ ಕೇಳಿದಳು: ನಡುವೆ ಬಿಟ್ಟರೆ ಬೈಯುತ್ತೀರಾ, ನನಗೆ ಸಿಗುವುದು ಹೋಲಿಕೆಗೆಂದು ಕೊಡುವ, ಔಷಧವಿಲ್ಲದ ಬರೀ ಸಪ್ಪೆ ಮಾತ್ರೆಯಾಗಿದ್ದರೆ? ಕಾರಣ ಹೇಳದೆಯೂ ಬಿಡಬಹುದು, ಮಾಮೂಲು ಚಿಕಿತ್ಸೆ ನಿಲ್ಲುವುದಿಲ್ಲ; ಯಾರಿಗೆ ಯಾವ ಮಾತ್ರೆ ಎಂಬುದು ಕೊಡುವ ಡಾಕ್ಟರಿಗೂ ತಿಳಿದಿರುವುದಿಲ್ಲ ಎಂಬ ಸಮಾಲೋಚಕಿಯ ಉತ್ತರ ಕೇಳಿಯೇ ಅಮ್ಮ ಸಹಿ ಹಾಕಿದಳು.

ಬಸ್ಸಿನ ಖರ್ಚು ಕೊಡುತ್ತಾರೆ, ಆದರೆ ಎರಡು ಭೇಟಿಗಳ ಹಣ ಇನ್ನೂ ಬಂದಿಲ್ಲ. ಹೋಗಬೇಕೆಂದಿರುವವರು ಓಪಿಯಲ್ಲಿ ಕಾಯದೆ ನೇರವಾಗಿ ಮೂರನೆಯ ಮಹಡಿಯ ಟ್ರಯಲ್ ವಿಭಾಗಕ್ಕೆ ಹೋಗಿ ಕನ್ನಡದ ಹಾಳೆಯನ್ನು ಕೇಳಿ ಪಡೆಯಿರಿ. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳು 2009ರಿಂದ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿಯಾಗಲೇಬೇಕು. ವಿಚಾರಿಸಬೇಕಾದವರ ದೂರವಾಣಿ ಅದರಲ್ಲಿಯೇ ಇರುತ್ತದೆ. ಇಂಗ್ಲಿಷಿನಲ್ಲಿದೆ ಎಂಬುದೊಂದೇ ತೊಡಕು, ಅಷ್ಟನ್ನು ಮನೆಯ ಮಕ್ಕಳು ಓದಿ ಹೇಳಬಹುದು.