ಹಿತ್ತಲ ಹಕ್ಕಿಗೆ ಕ್ಯಾನನ್ 55-250 ಎಸ್‌ಟಿಎಂ ಲೆನ್ಸ್ ಸಾಕೇ?

ಕಲಿಯುವವರಿಗೆ ಧಾರಾಳ ಸಾಕು. ತೂಕ ಬರೀ 375 ಗ್ರಾಂ, ಕೈ ಸೋಲುವುದಿಲ್ಲ. ಇದನ್ನು ಮಾಡಿರುವುದು ಕ್ಯಾನನ್ನಿನ ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಡಿಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ. 85 ಸೆಂ.ಮೀ. ಹತ್ತಿರದಿಂದಲೇ ಫೋಕಸ್ ಆಗುವುದರಿಂದ ಕರಿಬೇವಿನ ಗಿಡಕ್ಕೆ ಬಂದ ಚಿಟ್ಟೆ ಫ್ರೇಮ್ ತುಂಬುತ್ತದೆ. ದಾಸವಾಳದ ಸೂರಕ್ಕಿಗೆ 3 ಮೀಟರಿನಷ್ಟು ಹತ್ತಿರ ಹೋಗಬೇಕು; ಆಗ ಅದು ಫ್ರೇಮಿನ ಅಗಲದಲ್ಲಿ ಸುಮಾರು ಮೂರನೇ ಒಂದು ಭಾಗ ಬರುತ್ತದೆ. ತೆಂಗಿನ ತುದಿಯ ಗಿಡುಗ ಚಿಕ್ಕದಾಗಿಯೇ ಬರುತ್ತದೆ, ಫ್ರೇಮ್ ತುಂಬುವ ಆಸೆ ಬಿಡಿ.

ಇದರ ನಿಜವಾದ ಮಿತಿ ಬೆಳಕು. ಪೂರ್ತಿ ಜೂಮ್ ಮಾಡಿದಾಗ, ಅಂದರೆ 250 ಮಿ.ಮೀ.ನಲ್ಲಿ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್ 5.6ಕ್ಕಿಂತ ಹೆಚ್ಚು ತೆರೆಯದು, ಅಡಿಕೆ ಮರದ ನೆರಳಲ್ಲಿ ಶಟರ್ ತಾನಾಗಿಯೇ ನಿಧಾನವಾಗಿ ಹಕ್ಕಿ ಮಸುಕಾಗುತ್ತದೆ. ಸ್ಟೆಬಿಲೈಸರ್ ತಡೆಯುವುದು ನಮ್ಮ ಕೈ ನಡುಕವನ್ನು, ಹಕ್ಕಿಯ ಚಲನೆಯನ್ನಲ್ಲ. ಹಾಗಾಗಿ ಶಟರ್ 1/1000 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಆಟೋ, ಗರಿಷ್ಠ 3200. ಫೋಕಸಿಗೆ ಒಂದೇ ಪಾಯಿಂಟ್, ಅದೂ ಕಣ್ಣಿನ ಮೇಲೆ. ಎಲ್ಲ ಪಾಯಿಂಟ್ ತೆರೆದಿಟ್ಟರೆ ಮುಂದಿನ ಎಲೆಯೇ ಸ್ಪಷ್ಟವಾಗುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರ ಓರೆ ಬಿಸಿಲು ಉತ್ತಮ.

ಮಳೆನೀರು ಒಳಹೋಗದಂತೆ ಲೆನ್ಸಿಗೆ ಸೀಲ್ ಇಲ್ಲ. ನಮ್ಮ ಕರಾವಳಿಯ ತೇವಕ್ಕೆ ಗಾಜಿನೊಳಗೆ ಬೂಸ್ಟು ಹಿಡಿಯುವ ಭಯವೇ ಹೆಚ್ಚು. ಬಟ್ಟೆಯ ಬ್ಯಾಗಿನಲ್ಲಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿಡಿ; ಜೊತೆಗೆ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್ ಇಟ್ಟು ತೇವಾಂಶ 40ರಿಂದ 50 ಶೇಕಡದಲ್ಲಿರುವಂತೆ ನೋಡಿಕೊಳ್ಳಿ.