ಏರ್‌ಬ್ರಷ್ ಕೊಳ್ಳುವ ಮೊದಲು ನಾಝಲ್ ನೋಡಿ: ಮಾಡೆಲ್ ಕಟ್ಟುವವರಿಗೆ ಒಂದು ಹೋಲಿಕೆ

ವಿಮಾನ, ಯುದ್ಧಟ್ಯಾಂಕುಗಳ ಪುಟ್ಟ ಪ್ರತಿಕೃತಿಗಳಾದ ಸ್ಕೇಲ್ ಮಾಡೆಲ್‌ಗಳಿಗೆ ಬಣ್ಣ ಹೊಡೆಯಲು, ಗಾಳಿಯ ರಭಸದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೊಳ್ಳಬೇಕೆಂದಿರುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, 0.2 ಮಿ.ಮೀ. ನಾಝಲ್ (ಬಣ್ಣ ಹೊರಬರುವ ಮೊನೆ) ಒಳ್ಳೆಯದೋ 0.3 ಒಳ್ಳೆಯದೋ ಎಂಬುದು. ರಂಧ್ರ ಚಿಕ್ಕದಾದಷ್ಟೂ ಗೆರೆ ಸಣ್ಣದಾಗುತ್ತದೆ, ಆದ್ದರಿಂದ ಚಿಕ್ಕದೇ ಮೇಲು ಎಂಬ ಎಣಿಕೆ ಅದರ ಹಿಂದಿರುತ್ತದೆ. ಮೈಸೂರಿನಲ್ಲಿ ಈ ಹವ್ಯಾಸವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ನಾನು, ನನ್ನವೂ ಗೆಳೆಯರವೂ ಸೇರಿ ಹಲವು ಏರ್‌ಬ್ರಷ್‌ಗಳನ್ನು ಬಳಸಿ ನೋಡಿದ ಮೇಲೆ ತಲುಪಿರುವ ತೀರ್ಮಾನ ಬೇರೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಳತೆಗಿಂತ, ಆ ನಾಝಲ್ ಬ್ರಷ್‌ನ ತಲೆಯೊಳಗೆ ಹೇಗೆ ಕೂರುತ್ತದೆ, ತೊಳೆಯಲು ಎಷ್ಟು ಸುಲಭವಾಗಿ ಕಳಚುತ್ತದೆ, ಕೆಟ್ಟರೆ ಅದೇ ಅಳತೆಯ ಇನ್ನೊಂದು ನಮ್ಮ ಊರಿಗೆ ತಲುಪುತ್ತದೆಯೇ ಎಂಬ ಮೂರು ಸಂಗತಿಗಳೇ ಮುಖ್ಯ. ಈ ಬರಹದಲ್ಲಿ ಬ್ರಷ್‌ಗಳನ್ನು ತೂಗಿರುವುದು ಈ ತಕ್ಕಡಿಯಲ್ಲಿಯೇ.

ಮೊದಲು ಬಗೆಯ ವಿಚಾರ. ಸಿಂಗಲ್ ಆ್ಯಕ್ಷನ್ ಬ್ರಷ್‌ನಲ್ಲಿ ಟ್ರಿಗರ್ ಒತ್ತಿದರೆ ಗಾಳಿಯೂ ಬಣ್ಣವೂ ಒಟ್ಟಿಗೆ ಬರುತ್ತವೆ, ಬಣ್ಣದ ಪ್ರಮಾಣವನ್ನು ಬೇರೊಂದು ತಿರುಪಿನಿಂದ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಡಬಲ್ ಆ್ಯಕ್ಷನ್‌ನಲ್ಲಿ ಟ್ರಿಗರ್ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎಳೆದಷ್ಟೂ ಮೊನಚಾದ ಸೂಜಿ ನಾಝಲ್‌ನಿಂದ ಹಿಂದೆ ಸರಿದು ದಾರಿ ಅಗಲವಾಗುತ್ತದೆ, ತುದಿಯ ಸುತ್ತ ರಭಸದಿಂದ ಹರಿಯುವ ಗಾಳಿ ಬಣ್ಣವನ್ನು ಹೀರಿಕೊಂಡು ಹನಿಹನಿಯಾಗಿ ಒಡೆಯುತ್ತದೆ. ಬಾಟಲಿಯನ್ನು ಕೆಳಗೆ ಸಿಕ್ಕಿಸುವ ಸೈಫನ್ ಬಗೆಗೆ ಹೆಚ್ಚು ಒತ್ತಡ ಬೇಕು. ಮೇಲೆ ಬಟ್ಟಲಿರುವ ಗ್ರಾವಿಟಿ ಬಗೆಯಲ್ಲಿ ಬಣ್ಣ ತಾನಾಗಿಯೇ ಇಳಿಯುವುದರಿಂದ ಕಡಿಮೆ ಒತ್ತಡದಲ್ಲಿಯೂ, ನಾಲ್ಕೈದು ಹನಿ ಬಣ್ಣದಲ್ಲಿಯೂ ಕೆಲಸ ನಡೆಯುತ್ತದೆ. ಮಾಡೆಲ್ ಕೆಲಸಕ್ಕೆ ಗ್ರಾವಿಟಿ ಬಟ್ಟಲಿನ ಡಬಲ್ ಆ್ಯಕ್ಷನ್ ಬ್ರಷ್ಷೇ ಸರಿ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಇನ್ನು ನಾಝಲ್. ತಿರುಪಿನ ಹಲ್ಲುಗಳಿರುವ ನಾಝಲ್ ಬೆರಳಿನ ಉಗುರಿನ ಮೇಲೆ ನಿಲ್ಲುವಷ್ಟು ಚಿಕ್ಕದು. ಬ್ರಷ್ ಜೊತೆಗೆ ಬರುವ ಪುಟ್ಟ ಸ್ಪ್ಯಾನರ್‌ನಿಂದ ಅದನ್ನು ಬಿಗಿಯುವಾಗ ತುಸು ಹೆಚ್ಚು ಬಲ ಬಿದ್ದರೂ ಕುತ್ತಿಗೆ ಮುರಿದು, ಹಲ್ಲಿನ ಭಾಗ ಬ್ರಷ್‌ನ ತಲೆಯೊಳಗೇ ಉಳಿದುಬಿಡಬಹುದು. ಸೂಜಿಯನ್ನು ಹಿಂದಿನಿಂದ ತೂರಿಸುವಾಗ ಜೋರಾಗಿ ನೂಕಿದರೆ ತುದಿ ಅಗಲವಾಗುತ್ತದೆ ಅಥವಾ ಸೀಳುತ್ತದೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಭೂತಗನ್ನಡಿ ಹಿಡಿದು ದೀಪದ ಬೆಳಕಿಗೆ ತಿರುಗಿಸಿದಾಗ ಮಾತ್ರ ದುಂಡಗಿರಬೇಕಾದ ಅಂಚಿನ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಗೋಚರಿಸುತ್ತದೆ. ಆದರೆ ಕೆಲಸದಲ್ಲಿ ಅದರ ಪರಿಣಾಮ ಕೂಡಲೇ ಗೊತ್ತಾಗುತ್ತದೆ: ಬಟ್ಟಲಿನ ಬಣ್ಣದಲ್ಲಿ ಗುಳ್ಳೆಗಳೇಳುತ್ತವೆ, ಟ್ರಿಗರ್ ಎಳೆಯದೆ ಇದ್ದರೂ ಬಣ್ಣ ಜಿನುಗುತ್ತದೆ, ಗೆರೆಯ ಒಂದು ಬದಿಗೆ ಚುಕ್ಕಿಗಳು ಸಿಡಿಯುತ್ತವೆ. ನಾಝಲ್ ಸಡಿಲವಾಗಿದ್ದರೂ ಗುಳ್ಳೆ ಬರುತ್ತದೆಯಾದ್ದರಿಂದ, ಒಡೆದಿದೆ ಎಂದು ತೀರ್ಮಾನಿಸುವ ಮೊದಲು ಒಮ್ಮೆ ಕಳಚಿ ಸರಿಯಾಗಿ ಕೂರಿಸಿ ನೋಡಬೇಕು.

ಆನ್‌ಲೈನ್ ಮಾರುಕಟ್ಟೆಯಲ್ಲಿ ಅತಿ ಕಡಿಮೆ ಬೆಲೆಗೆ, ದಿನಕ್ಕೊಂದು ಹೆಸರಿನಲ್ಲಿ ಸಿಗುವ ಚೀನಾದ ಬ್ರಷ್‌ಗಳು ಬಹುಪಾಲು ಜಪಾನಿ ವಿನ್ಯಾಸಗಳ ನಕಲುಗಳು. 0.2, 0.3 ಮತ್ತು 0.5 ಮಿ.ಮೀ.ಗಳ ಮೂರು ಜೊತೆ ಸೂಜಿ, ನಾಝಲ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟು ಕೊಡುವುದು ನೋಡಲು ಭಾರೀ ಲಾಭವೆನಿಸುತ್ತದೆ. ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಲೇಪ) ಹೊಡೆಯಲು, ವಾರ್ನಿಷ್ ಹೊಡೆಯಲು, ಇಡೀ ಯುದ್ಧಟ್ಯಾಂಕಿನ ಮಾಡೆಲ್‌ಗೆ ಒಂದೇ ಹಸಿರು ಬಳಿಯಲು ಇವು ಸಾಕು. ಕೊರತೆ ಕಾಣುವುದು ಸೂಜಿಯ ನುಣುಪಿನಲ್ಲಿ: ಮೇಲ್ಮೈಯಲ್ಲಿ ಉಳಿದಿರುವ ಕಡೆತದ ಗೀರುಗಳಲ್ಲಿ ಬಣ್ಣ ಹಿಡಿದು ಒಣಗಿ, ಟ್ರಿಗರ್ ಎಳೆದಾಗ ಮೊದಲು ಏನೂ ಬಾರದೆ ಆಮೇಲೆ ಒಮ್ಮೆಲೇ ಹೆಚ್ಚಾಗಿ ಬರುತ್ತದೆ. 2000 ಸಂಖ್ಯೆಯ ನೀರುಕಾಗದದಿಂದ (ನೀರು ಹಚ್ಚಿ ಉಜ್ಜುವ ಉಪ್ಪುಕಾಗದ) ಸೂಜಿಯನ್ನು ಉದ್ದುದ್ದಕ್ಕೆ ಮೃದುವಾಗಿ ಉಜ್ಜಿ, ಆನಂತರ ಲೋಹ ಹೊಳಪಿಸುವ ಪೇಸ್ಟ್ ಹಚ್ಚಿದರೆ ನಡವಳಿಕೆ ಗಮನಾರ್ಹವಾಗಿ ಸುಧಾರಿಸುತ್ತದೆ. ಆದರೆ ಸೋರಿಕೆ ತಡೆಯುವ ರಬ್ಬರಿನ ಓ-ರಿಂಗ್‌ಗಳು ಎನ್.ಸಿ. ಥಿನ್ನರ್‌ನಲ್ಲಿ (ಕಾರು ಬಣ್ಣ ತೆಳುಮಾಡುವ ತೀಕ್ಷ್ಣ ದ್ರಾವಕ) ಉಬ್ಬುತ್ತವೆ, ಒಬ್ಬ ಮಾರಾಟಗಾರರಿಂದ ತರಿಸಿದ ನಾಝಲ್ ಇನ್ನೊಬ್ಬರ ಬ್ರಷ್‌ಗೆ ಕೂರುತ್ತದೆಂಬ ಭರವಸೆಯಿಲ್ಲ. ನಾಝಲ್ ಮುರಿದ ದಿನವೇ ಇಂಥ ಬ್ರಷ್‌ನ ಆಯುಷ್ಯ ಮುಗಿಯುತ್ತದೆಂದು ತಿಳಿದುಕೊಂಡೇ ಕೊಳ್ಳಬೇಕು.

ಇವಾಟಾ ಕಂಪನಿಯ ನಿಯೋ ಸಿಎನ್ ಈ ಮೆಟ್ಟಿಲಿನಿಂದ ಒಂದು ಮೇಲೆ. 0.35 ಮಿ.ಮೀ. ನಾಝಲ್, ಗ್ರಾವಿಟಿ ಬಟ್ಟಲು, ಹೊಸಬರಿಗೆ ಬೇಕಾದದ್ದೆಲ್ಲವೂ ಇದೆ. ಇದರ ನಾಝಲ್ ಕೂಡ ತಿರುಪಿನದೇ ಆದ್ದರಿಂದ ಮೇಲೆ ಹೇಳಿದ ಎಚ್ಚರಿಕೆ ಇದಕ್ಕೂ ಸಲ್ಲುತ್ತದೆ. ಆದರೆ ಬಿಡಿಭಾಗಕ್ಕೆ ನಿಶ್ಚಿತವಾದ ಹೆಸರೂ ಸಂಖ್ಯೆಯೂ ಇರುವುದರಿಂದ ತರಿಸಿಕೊಂಡದ್ದು ಸರಿಯಾಗಿ ಕೂರುತ್ತದೆ.

ಅದೇ ಕಂಪನಿಯ ಎಕ್ಲಿಪ್ಸ್ ಎಚ್‌ಪಿ-ಸಿಎಸ್ ಬಗ್ಗೆ ನಾನು ಹೆಚ್ಚು ಬರೆಯಬೇಕು, ಏಕೆಂದರೆ ಕಾಗದದ ಮೇಲಿನ ಅಳತೆ ಎಷ್ಟು ಕಡಿಮೆ ಹೇಳುತ್ತದೆಂಬುದಕ್ಕೆ ಇದೇ ನಿದರ್ಶನ. ಇದರದ್ದೂ 0.35 ಮಿ.ಮೀ. ನಾಝಲ್ಲೇ, ಆದರೂ ಎರಡೂ ಬ್ರಷ್‌ಗಳನ್ನು ಒಂದಾದ ಮೇಲೊಂದು ಕೈಗೆತ್ತಿಕೊಂಡರೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಎಕ್ಲಿಪ್ಸ್‌ನ ನಾಝಲ್‌ಗೆ ಹಲ್ಲುಗಳಿಲ್ಲ, ಗಾತ್ರದಲ್ಲಿ ದೊಡ್ಡದು. ಅದನ್ನು ಸುಮ್ಮನೆ ತಲೆಯೊಳಗೆ ಇಳಿಬಿಟ್ಟು ಮುಂದಿನ ಮುಚ್ಚಳ ತಿರುಗಿಸಿದರೆ ತಾನೇ ನಡುವಿಗೆ ಬಂದು ಕೂರುತ್ತದೆ. ಸ್ಪ್ಯಾನರ್ ಬೇಡ, ಮುರಿಯುವ ಭಯವಿಲ್ಲ, ಆದ್ದರಿಂದ ಪ್ರತಿ ಸಲವೂ ಕಳಚಿ ತೊಳೆಯಲು ಮನಸ್ಸು ಹಿಂಜರಿಯುವುದಿಲ್ಲ. ಪೂರ್ತಿ ತೊಳೆದ ಬ್ರಷ್ ಮಾತ್ರ ಮರುದಿನ ಸಣ್ಣ ಗೆರೆ ಎಳೆಯುತ್ತದೆ. ಸುಮಾರು 9 ಮಿ.ಲೀ. ಹಿಡಿಯುವ ಬಟ್ಟಲು ಆಲಿಕೆಯ ಆಕಾರದಲ್ಲಿ ಒಳಗಿಳಿಯುವುದರಿಂದ ದೊಡ್ಡ ಮಾಡೆಲ್‌ಗೂ ಸಾಕಾಗುತ್ತದೆ, ಬಣ್ಣ ತುಂಬಿಕೊಳ್ಳುವ ಮೂಲೆಗಳೂ ಇಲ್ಲ. 1/72 ಅಳತೆಯ ಮಿಗ್-21ರ ರೆಕ್ಕೆಯ ಮೇಲೆ ಎರಡು ಬಣ್ಣಗಳು ಕೂಡುವ ಅಂಚನ್ನು, ಟೇಪ್ ಹಚ್ಚದೆ, ಮೊನೆಯನ್ನು ಬೆರಳಗಲದಷ್ಟು ಹತ್ತಿರ ಹಿಡಿದು ಎಳೆದಾಗ, ಆ ಮಸುಕು ಅಂಚು ಸ್ಕೇಲಿಗೆ ತಕ್ಕಷ್ಟೇ ಅಗಲವಾಗಿ ಬರುವುದನ್ನು ನೋಡುವುದೇ ಒಂದು ಸಂತೋಷ. ಅದಕ್ಕೆ 0.2 ಮಿ.ಮೀ. ಬೇಕಾಗಲಿಲ್ಲ.

ಜರ್ಮನಿಯ ಹಾರ್ಡರ್ ಅಂಡ್ ಸ್ಟೀನ್‌ಬೆಕ್ ಕಂಪನಿಯ ಎವಲ್ಯೂಷನ್ ಸಿಲ್ವರ್‌ಲೈನ್ ಟು-ಇನ್-ಒನ್ ಎಂಬುದು 0.2 ಹಾಗೂ 0.4 ಮಿ.ಮೀ.ಗಳ ಎರಡು ಜೊತೆ ಸೂಜಿ-ನಾಝಲ್, 2 ಹಾಗೂ 5 ಮಿ.ಲೀ.ಗಳ ಎರಡು ಬಟ್ಟಲುಗಳೊಂದಿಗೆ ಬರುತ್ತದೆ. ಇದರ ನಾಝಲ್ಲೂ ಹಲ್ಲಿಲ್ಲದ್ದು. ಬ್ರಷ್ಷನ್ನು ಸಾಧನಗಳಿಲ್ಲದೆ ಬೆರಳಿನಿಂದಲೇ ಬಿಚ್ಚಬಹುದು, ಬಣ್ಣ ತಾಗುವ ಕಡೆ ಟೆಫ್ಲಾನ್ ಸೀಲ್ ಇರುವುದರಿಂದ ತೀಕ್ಷ್ಣ ಥಿನ್ನರ್‌ಗೂ ಅಂಜಬೇಕಿಲ್ಲ. ಒಂದೇ ಬ್ರಷ್‌ನಲ್ಲಿ ಪ್ರೈಮರ್‌ನಿಂದ ಹಿಡಿದು ಸಣ್ಣ ಮಚ್ಚೆಗಳವರೆಗೆ ಎಲ್ಲವನ್ನೂ ಮಾಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ. ಅಳತೆ ಬದಲಿಸುವಾಗ ಸೂಜಿ, ನಾಝಲ್ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕೆಂಬುದನ್ನು ಮರೆಯಬಾರದು. ಅಮೆರಿಕದ ಬ್ಯಾಜರ್ ಪೇಟ್ರಿಯಟ್ 105 ಗಟ್ಟಿಮುಟ್ಟಾದ, ಹೆಚ್ಚು ತಕರಾರಿಲ್ಲದ ಬ್ರಷ್. ಆದರೆ ಅದರ ಗಾಳಿ ಕೊಳವೆಯ ತಿರುಪು ಬ್ಯಾಜರ್‌ನದ್ದೇ ಅಳತೆಯದು. ಉಳಿದವಕ್ಕೆ ಒಗ್ಗುವ ಸಾಮಾನ್ಯ 1/8 ಇಂಚಿನ ಹೋಸ್‌ಗೆ ಅಡಾಪ್ಟರ್ ಬೇಕಾಗುತ್ತದೆ.

ಬ್ರಷ್‌ಗೆ ಎಲ್ಲ ಹಣವನ್ನೂ ಸುರಿದು ಗಾಳಿ ಒದಗಿಸುವ ಕಂಪ್ರೆಸರ್‌ಗೆ ಕೈ ಬಿಗಿ ಹಿಡಿಯುವವರಿದ್ದಾರೆ, ಇದು ತಲೆಕೆಳಗಾದ ಕ್ರಮ. ಗಾಳಿ ತುಂಬಿಡುವ ಟ್ಯಾಂಕ್ ಇಲ್ಲದ ಪುಟ್ಟ ಯಂತ್ರದಲ್ಲಿ ಗಾಳಿ ಮಿಡಿಯುತ್ತಾ ಬರುತ್ತದೆ, ಆ ಮಿಡಿತ ಗೆರೆಯಲ್ಲಿ ಮೂಡುತ್ತದೆ. ಎಎಸ್-186 ಎಂಬ ಮಾದರಿ ಸಂಖ್ಯೆಯಲ್ಲಿ ಹಲವು ಹೆಸರುಗಳಿಂದ ಮಾರಾಟವಾಗುವ, 3 ಲೀಟರ್ ಟ್ಯಾಂಕ್‌ನ, ಗಾಳಿಯ ಒತ್ತಡ ಸುಮಾರು 3 ಬಾರ್‌ಗೆ ಇಳಿದಾಗ ತಾನೇ ಶುರುವಾಗಿ 4 ಬಾರ್‌ಗೆ ನಿಲ್ಲುವ ಯಂತ್ರ ಮನೆಯ ಕೋಣೆಗೆ ಹೇಳಿ ಮಾಡಿಸಿದ್ದು. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗದ್ದಲ ಇದರಲ್ಲಿಲ್ಲ, ರಾತ್ರಿ ಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ಕೆಲಸ ಮಾಡಬಹುದು. ಸಾಧಾರಣ ಕೆಲಸಕ್ಕೆ 15ರಿಂದ 20 ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ) ಸಾಕು, ಪ್ರೈಮರ್‌ಗೆ ಸ್ವಲ್ಪ ಹೆಚ್ಚು, ಸಣ್ಣ ಮಚ್ಚೆಗಳಿಗೆ ಬಣ್ಣವನ್ನು ಇನ್ನಷ್ಟು ತೆಳುಮಾಡಿ 10ರ ಆಸುಪಾಸು.

ತೇವಾಂಶ ಸೋಸುವ ಮಾಯಿಶ್ಚರ್ ಟ್ರ್ಯಾಪ್ ನಮ್ಮ ಊರಿನಲ್ಲಿ ಐಚ್ಛಿಕವಲ್ಲ. ಒತ್ತಿದ ಗಾಳಿ ಬಿಸಿಯಾಗಿ, ಹೋಸ್‌ನಲ್ಲಿ ತಣಿಯುವಾಗ ಅದರಲ್ಲಿನ ತೇವಾಂಶ ನೀರಾಗುತ್ತದೆ. ಆಷಾಢದ ಜಿಟಿಜಿಟಿ ಮಳೆಯ ದಿನಗಳಲ್ಲಿ ಆ ನೀರು ಹನಿಯಾಗಿ ಮಾಡೆಲ್ ಮೇಲೆ ಬಿದ್ದರೆ ಅಲ್ಲಿಯವರೆಗಿನ ಶ್ರಮವೆಲ್ಲ ವ್ಯರ್ಥ. ಅಂಥ ದಿನಗಳಲ್ಲಿ ಲ್ಯಾಕರ್ ಬಣ್ಣ ಒಣಗುವಾಗ ಬಿಳಿಚಿಕೊಳ್ಳುವುದೂ ಉಂಟು, ಅದಕ್ಕೆ ನಿಧಾನವಾಗಿ ಆರುವ ಥಿನ್ನರ್ ಬಳಸಬೇಕು. ಮಾರ್ಚ್, ಏಪ್ರಿಲ್‌ಗಳ ಒಣಹವೆಯಲ್ಲಿ ತೊಂದರೆ ಬೇರೆ: ವಯೆಹೊ ಕಂಪನಿಯ ತರಹದ ನೀರು ಆಧಾರಿತ ಅಕ್ರಿಲಿಕ್‌ಗಳು ಸೂಜಿಯ ತುದಿಯಲ್ಲಿಯೇ ಒಣಗಿ ಗಂಟುಕಟ್ಟುತ್ತವೆ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಒಂದೆರಡು ಹನಿ ಸೇರಿಸಿ, ಆಗಾಗ ತುದಿಯನ್ನು ಒದ್ದೆ ಕುಂಚದಿಂದ ಒರೆಸುತ್ತಿರಬೇಕು. ಟಮಿಯಾ ಕಂಪನಿಯ ಅಕ್ರಿಲಿಕ್‌ಗಳು ಮದ್ಯಸಾರ ಆಧಾರಿತ ಥಿನ್ನರ್‌ನಲ್ಲಿ ಚೆನ್ನಾಗಿ ಹರಿಯುತ್ತವೆ. ಅದೇ ಥಿನ್ನರ್ ವಯೆಹೊ ಬಣ್ಣಕ್ಕೆ ಬಿದ್ದರೆ ಬಣ್ಣ ಒಡೆದು ಬ್ರಷ್ ಕಟ್ಟಿಕೊಳ್ಳುತ್ತದೆ. ಯಾವ ಬಣ್ಣವೇ ಆಗಲಿ ನೀರುಹಾಲಿನ ಹದಕ್ಕೆ ಬಂದಿರಬೇಕು. ಕರಕುಶಲಕ್ಕೆಂದು ಮಾರುವ ಅಗ್ಗದ ಅಕ್ರಿಲಿಕ್‌ಗಳಲ್ಲಿ ಬಣ್ಣದ ಕಣ ದಪ್ಪ, ಅವನ್ನು ಸೋಸಿ, 0.5 ಮಿ.ಮೀ. ನಾಝಲ್‌ನಲ್ಲಿ ಮಾತ್ರ ಹಾಕಬೇಕು.

ಮೈಸೂರು ಬಣ್ಣಕ್ಕೆ ಹೊಸದಾದ ಊರಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಕಾರ್ಖಾನೆಯೇ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಆಗಿ ದೇಶದ ಚುನಾವಣೆಗಳಿಗೆ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿದೆ. ಕಾರು ಬಣ್ಣದ ಅಂಗಡಿಗಳಲ್ಲಿ ತೊಳೆಯಲು ಬೇಕಾದ ಎನ್.ಸಿ. ಥಿನ್ನರ್, ನೀರುಕಾಗದ, ಮಾಸ್ಕಿಂಗ್ ಟೇಪ್ ಎಲ್ಲವೂ ಸಿಗುತ್ತವೆ. ಲ್ಯಾಕರ್ ಹೊಡೆಯುವವರು ಅಲ್ಲಿಯೇ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕನ್ನೂ ಕೇಳಿ ತೆಗೆದುಕೊಳ್ಳಬೇಕು. ಬಟ್ಟೆಯ ಮಾಸ್ಕ್ ಏನನ್ನೂ ತಡೆಯುವುದಿಲ್ಲ, ಕಿಟಕಿ ತೆರೆದಿರುವುದೊಂದೇ ಸಾಲದು. ಆದರೆ ಇವಾಟಾ ಅಥವಾ ಹಾರ್ಡರ್ ಅಂಡ್ ಸ್ಟೀನ್‌ಬೆಕ್‌ನ ನಾಝಲ್ ಬೇಕೆಂದರೆ ನಮಗೆ ಆನ್‌ಲೈನ್ ದಾರಿಯೇ ಗತಿ. ಅದು ಬರುವವರೆಗೆ ಅರ್ಧ ಬಣ್ಣದ ಮಾಡೆಲ್ ಧೂಳು ಕುಡಿಯುತ್ತಾ ಕೂರಬೇಕಾಗುತ್ತದೆ.

ಹಾಗಾಗಿ, ಈ ಹವ್ಯಾಸ ತನಗೆ ಒಗ್ಗುವುದೋ ಇಲ್ಲವೋ ಎಂದು ಅಳೆಯುತ್ತಿರುವವರು ಅಗ್ಗದ ಬ್ರಷ್ಷನ್ನೂ ಟ್ಯಾಂಕ್ ಇರುವ ಕಂಪ್ರೆಸರನ್ನೂ ಕೊಳ್ಳಲಿ. ಮುಂದುವರಿಯುವುದು ಖಚಿತವಾದವರು ನೇರವಾಗಿ ಎಕ್ಲಿಪ್ಸ್ ಅಥವಾ ಎವಲ್ಯೂಷನ್‌ಗೆ ಹೋಗಲಿ, ನಡುವೆ ಇನ್ನೊಂದನ್ನು ಕೊಂಡು ಹಣ ಒಡೆಯುವುದು ಬೇಡ. ಯಾವುದನ್ನೇ ತರಿಸಿದರೂ ಪೆಟ್ಟಿಗೆ ಬಿಚ್ಚಿದ ದಿನವೇ ಬಟ್ಟಲಿಗೆ ಶುದ್ಧ ನೀರು ಹಾಕಿ, ಟ್ರಿಗರ್ ಎಳೆಯದೆ ಗಾಳಿ ಮಾತ್ರ ಬಿಟ್ಟು ಗುಳ್ಳೆ ಬರುತ್ತದೆಯೇ ಎಂದು ನೋಡಿ. ಆಮೇಲೆ ಬಿಳಿ ಹಾಳೆಯ ಮೇಲೆ ತೆಳು ಮಸಿಯಿಂದ ಚುಕ್ಕಿಗಳ ಸಾಲೊಂದನ್ನು ಹಾಕಿ ಪ್ರತಿ ಚುಕ್ಕಿಯೂ ದುಂಡಗಿದೆಯೇ ಎಂದು ಪರೀಕ್ಷಿಸಿ. ದೋಷ ಕಂಡರೆ ವಾಪಸು ಕಳಿಸುವ ಅವಧಿ ಮೀರುವ ಮೊದಲೇ ಫೋಟೊ ಸಮೇತ ತಿಳಿಸಿ. ಬ್ರಷ್ ತರಿಸುವ ಆರ್ಡರಿನಲ್ಲಿಯೇ ಅದೇ ಅಳತೆಯ ಇನ್ನೊಂದು ನಾಝಲ್, ಒಂದು ಸೂಜಿ ಸೇರಿಸಿಕೊಳ್ಳಿ.